ಅಳಿಯ ಅಲ್ಲ, ಮಗಳ ಗಂಡ

ಏಳಲಿಲ್ಲ.

ಅವನು ಮತ್ತೆ ಗುಂಡಿ ಒತ್ತಿದ. ಪರದೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತಿತು, ಸುತ್ತಿ ಸುಸ್ತಾದ ಹಾಗೆ ನಿಂತಿತು. ಮಿಂಚಂಚೆ ಸೇವೆ: ನಿಂತಿದೆ. ಕ್ಯಾಲೆಂಡರ್ ಸೇವೆ: ನಿಂತಿದೆ. ಕಡತಗಳ ಸೇವೆ, ಕೋಣೆ ಕಾಯ್ದಿರಿಸುವ ಸೇವೆ, ಹರಟೆಯ ಸೇವೆ, ಎಲ್ಲದರ ಮುಂದೆಯೂ ಅದೇ ಮಾತು. ಸರ್ವರ್ ಪೆಟ್ಟಿಗೆಯ ಫ್ಯಾನು ಮಾತ್ರ ತನಗೂ ಇದಕ್ಕೂ ಏನೂ ಸಂಬಂಧವಿಲ್ಲ ಅನ್ನುವಂತೆ ಒಂದೇ ಸಮನೆ ತಿರುಗುತ್ತಿತ್ತು.

ಬಾಟಲಿ ತೊಳೆಯುವ ಬ್ರಷ್ಷುಗಳ ರಟ್ಟಿನ ಪೆಟ್ಟಿಗೆಯ ಮೇಲೆ ಕೀಬೋರ್ಡು, ಚಿಮಣಿ ಬ್ರಷ್ಷುಗಳ ಪೆಟ್ಟಿಗೆಯ ಮೇಲೆ ಅವನು. ಈ ಕೋಣೆ ಹಿಂದೆ ಸರ್ವರಿಗೆಂದೇ ಇತ್ತು. ಅವನು ಹೋದ ಮೇಲೆ ದಾಸ್ತಾನು ಒಂದೊಂದೇ ಪೆಟ್ಟಿಗೆಯಾಗಿ ಒಳಗೆ ಬಂದು, ಈಗ ಸರ್ವರೇ ನೆಂಟರ ಮನೆಗೆ ಬಂದಂತೆ ಮೂಲೆ ಹಿಡಿದು ನಿಂತಿತ್ತು. ಕೆಳಗಿನ ಮಹಡಿಯಿಂದ ಅಂಟು ಕಾಯಿಸುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

“ಜೀವ ಇದೆಯೇನೋ ಅದಕ್ಕೆ?” ಬಾಗಿಲಲ್ಲಿ ನಿಂತಿದ್ದ ಲೆಕ್ಕದಕ್ಕ ಕೇಳಿದಳು.

“ಜೀವ ಇದೆ. ಮಾತಿಲ್ಲ.”

“ಹಾಗಿದ್ರೆ ನಿನ್ನ ಹಾಗೇನೇ ಬಿಡು.”

ಲೆಕ್ಕದಕ್ಕ ಈ ಬ್ರಷ್ ಕಾರ್ಖಾನೆಯ ಲೆಕ್ಕ ನೋಡುವವಳು. ಲೆಕ್ಕದ ಜೊತೆಗೆ ಬೀಗದ ಕೈಗಳು, ಚಹಾಪುಡಿ, ಹೊಸದಾಗಿ ಸೇರಿದವರಿಗೆ ಕುರ್ಚಿ ಮತ್ತು ಕಂಪ್ಯೂಟರ್ ಖಾತೆ ಕೊಡುವುದು, ಎಲ್ಲವೂ ಅವಳ ಕೈಯಲ್ಲೇ. ನಿನ್ನೆ ಅವನಿಗೆ ಫೋನ್ ಮಾಡಿದ್ದೂ ಅವಳೇ. ಬೀದಿಯಲ್ಲಿ ವಿದ್ಯುತ್ ತಂತಿ ಬದಲಿಸುತ್ತಿದ್ದರಂತೆ, ಕರೆಂಟು ಹೋಗಿ ಬಂತಂತೆ, ಸರ್ವರ್ ಮಲಗಿದ್ದು ಏಳಲೇ ಇಲ್ಲವಂತೆ. ಈಗ ಯಾವ ಅಂಗಡಿಗೆ ಯಾವ ಬ್ರಷ್ಷು ಕಳಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಲಾರಿ ಚಿಕ್ಕಪ್ಪ ಚೀಟಿ ಹಿಡಿದುಕೊಂಡು ಮಹಡಿಯಿಂದ ಮಹಡಿಗೆ ಓಡುತ್ತಿದ್ದಾರೆ. ಸಭೆಯ ಕೋಣೆಯೊಳಗೆ ಎರಡು ಗುಂಪು ಒಟ್ಟಿಗೆ ನುಗ್ಗಿ, ಎರಡೂ ಗುಂಪು ಮರ್ಯಾದೆಗೆ ಹೊರಗೆ ಬಂದು, ಕೋಣೆ ಖಾಲಿ ಬಿದ್ದಿದೆ. ಹೊರಗಿನ ಇಬ್ಬರು ರಿಪೇರಿಯವರು ಬಂದು ನೋಡಿ, ಇದನ್ನು ಕಟ್ಟಿದವರನ್ನೇ ಕರೆಸಿ ಅಂತ ಕೈ ತೊಳೆದುಕೊಂಡು ಹೋದರು. ಕಟ್ಟಿದವನು ಅವನು. ಆಗ ಅವನು ಈ ಮನೆಯ ಅಳಿಯ. ಈಗ ಅಲ್ಲ.

ಬರುತ್ತೇನೆ ಎಂದಾಗ ಅವನು ಒಂದು ತೀರ್ಮಾನ ಮಾಡಿಕೊಂಡಿದ್ದ: ಸರ್ವರ್ ಎಬ್ಬಿಸುವುದು, ಕೈ ಒರೆಸಿಕೊಳ್ಳುವುದು, ಹೊರಡುವುದು. ಶನಿವಾರದ ಮಾತು ಎತ್ತುವುದಿಲ್ಲ.

ಶನಿವಾರ ಅಂದರೆ ಪುಟ್ಟಿ. ಅವನೂ ಹೆಂಡತಿಯೂ ಬೇರೆಯಾದಾಗ ಕೂಗಾಟ ಆಗಿರಲಿಲ್ಲ, ಕೋರ್ಟು ಕಚೇರಿ ಹತ್ತಿರಲಿಲ್ಲ. ಮಗಳು ತಾಯಿಯ ಹತ್ತಿರ ಇರುವುದು, ಶನಿವಾರ ಅಪ್ಪ ಬಂದು ಈಜುಕೊಳಕ್ಕೆ ಕರೆದುಕೊಂಡು ಹೋಗುವುದು. ಇಷ್ಟೇ ಒಪ್ಪಂದ. ಅದನ್ನು ಅವನು ಕಾರ್ಖಾನೆಯ ಕ್ಯಾಲೆಂಡರಿನಲ್ಲೇ ಹಾಕಿದ್ದ, ಏಕೆಂದರೆ ಈ ಮನೆಯವರು ಹಲ್ಲಿನ ಡಾಕ್ಟರನ್ನೂ ಶಾಲೆಯ ಸಭೆಯನ್ನೂ ಸಾಮಾನಿನ ಲಾರಿಯನ್ನೂ ಅದೇ ಕ್ಯಾಲೆಂಡರಿನಲ್ಲಿ ಹಾಕುತ್ತಿದ್ದರು. ‘ಶನಿವಾರ: ಪುಟ್ಟಿ, ಈಜು. ಪ್ರತಿ ವಾರ. ಕೊನೆಯ ದಿನಾಂಕ: ಇಲ್ಲ.’ ಬೇರೆಯಾದ ಮೇಲೂ ಆ ಒಂದು ಬಾಗಿಲು ಅವನ ಫೋನಿನಲ್ಲಿ ತೆರೆದೇ ಇತ್ತು.

ಕೆಲವು ವಾರಗಳ ಹಿಂದೆ ಒಂದು ಶುಕ್ರವಾರ ಸಂಜೆ ಫೋನು ಹೇಳಿತು: ಪಾಸ್‌ವರ್ಡ್ ತಪ್ಪಾಗಿದೆ. ಅವನು ಮತ್ತೆ ಹಾಕಿದ. ತಪ್ಪಾಗಿದೆ. ಹೆಂಡತಿ ಮತ್ತೆ ಮದುವೆಯಾದ ಸುದ್ದಿ ಆಗಷ್ಟೇ ಕಿವಿಗೆ ಬಿದ್ದಿತ್ತು. ಮರುದಿನ ಹೋಗಿ ಈಜುಕೊಳದ ಎದುರು, ಸೈಕಲ್ ನಿಲ್ಲಿಸುವ ಕಡೆ ನಿಂತ. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಪುಟ್ಟಿಯ ಕೈ ಹಿಡಿದುಕೊಂಡು, ಅವಳ ಟವೆಲ್ಲಿನ ಚೀಲವನ್ನು ತಾನೇ ಹೊತ್ತುಕೊಂಡು ಒಳಗೆ ಹೋದ. ಬಾಯಿಬಿಟ್ಟು ಹೇಳಲಾಗದ್ದನ್ನು ಇವರು ಪಾಸ್‌ವರ್ಡ್ ಬದಲಿಸಿ ಹೇಳಿದ್ದಾರೆ ಎಂದು ಅವನು ತಿಳಿದ. ಜಗಳ ಮಾಡದೆ ಬೇರೆಯಾದವನು ಜಗಳ ಮಾಡದೆ ಮನೆಗೆ ಹೋದ. ಆಮೇಲಿನ ಶನಿವಾರಗಳಲ್ಲಿ ಒಲೆ ಬಿಚ್ಚಿ ತೊಳೆದ, ಕಿಟಕಿಯ ತಿರುಗಣಿಗೆ ಎಣ್ಣೆ ಬಿಟ್ಟ. ಮನೆಯಲ್ಲಿ ಈಗ ಕಿರುಗುಟ್ಟುವ ವಸ್ತು ಒಂದೂ ಉಳಿದಿರಲಿಲ್ಲ.

ಡಿಸ್ಕಿನಲ್ಲಿ ಜಾಗ ಇತ್ತು. ಗಡಿಯಾರ ಸರಿಯಾಗಿತ್ತು. ಸರ್ವರಿನ ಗುರುತಿನ ಪ್ರಮಾಣಪತ್ರದ ಅವಧಿ ಮುಗಿದಿರಲಿಲ್ಲ. ಅವನು ಲಾಗ್ ತೆರೆದ. ಸರ್ವರ್ ತನ್ನ ಕಷ್ಟಸುಖ ಬರೆದುಕೊಳ್ಳುವುದು ಅಲ್ಲಿ. ಯಾರೂ ಓದದಿದ್ದರೂ ಬರೆಯುತ್ತಲೇ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದು ಒಂದು ಸಾಲಿನಲ್ಲಿ ನಿಂತ.

‘ಸೇವೆ ಆರಂಭಿಸಲಾಗಲಿಲ್ಲ. ಬಳಕೆದಾರ: ಅಳಿಯ. ಪಾಸ್‌ವರ್ಡ್ ತಪ್ಪಾಗಿದೆ.’

ಈ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಇದನ್ನು ಕಟ್ಟಿದ ಮಾವನವರ ಕಾಲದ ಕಟ್ಟಳೆ ಅದು. ಹೆಸರು ಹಿಡಿದರೆ ಹಿಂದೆಯೇ ಹುದ್ದೆ ಬರುತ್ತದೆ, ಹುದ್ದೆಯ ಹಿಂದೆ ಜಗಳ ಬರುತ್ತದೆ. ಸಂಬಂಧ ಹಿಡಿದು ಕರೆದರೆ ಜಗಳ ಬಂದರೂ ಮನೆಯೊಳಗೇ ಇರುತ್ತದೆ ಎಂದು ಅವರು ಹೇಳುತ್ತಿದ್ದರು. ಸರ್ವರ್ ಹೂಡುವಾಗ ಅವನು ವಿಳಾಸಪಟ್ಟಿಗೆ ಹೆಸರು ಕೇಳಿಕೊಂಡು ಮಹಡಿ ಮಹಡಿ ಅಲೆದ. ಸಿಕ್ಕಿದ್ದೆಲ್ಲ ಸಂಬಂಧಗಳೇ. ಹೋಗಲಿ ಅಂತ ಅವನ್ನೇ ಹಾಕಿದ. ಚಿಕ್ಕಪ್ಪಂದಿರು ಇಬ್ಬರಾದಾಗ ಒಬ್ಬರನ್ನು ಅಂಟಿನ ಚಿಕ್ಕಪ್ಪ, ಇನ್ನೊಬ್ಬರನ್ನು ಲಾರಿ ಚಿಕ್ಕಪ್ಪ ಮಾಡಿದ. ಒಡತಿ ‘ಅತ್ತೆ’ ಆದರು. ನಿಜಕ್ಕೂ ಅತ್ತೆಯಾಗಿದ್ದದ್ದು ಅವನಿಗೊಬ್ಬನಿಗೆ, ಆದರೆ ಕಾವಲಿನವನಿಂದ ಹಿಡಿದು ಎಲ್ಲರಿಗೂ ಅವರು ಅತ್ತೆಯೇ. ಸರ್ವರಿಗೆ ಇದ್ದದ್ದು ಒಂದೇ ಹಟ: ಒಂದು ಹೆಸರಿಗೆ ಒಬ್ಬರೇ. ನನ್ನ ಅಣ್ಣ ನಿನಗೆ ಭಾವ, ಅವಳಿಗೆ ಮೈದುನ ಆಗಬಹುದು ಅನ್ನುವುದು ಅದರ ತಲೆಗೆ ಇಳಿಯುವುದಿಲ್ಲ. ಅಳಿಯ ಒಬ್ಬನೇ ಇದ್ದುದರಿಂದ ಅಲ್ಲಿ ತೊಂದರೆ ಬರಲಿಲ್ಲ.

ಈಗ ನೆನಪಾಯಿತು. ಸೇವೆಗಳು ತಾವಾಗಿಯೇ ಏಳುವುದಿಲ್ಲ. ಯಾರದಾದರೂ ಹೆಸರು, ಪಾಸ್‌ವರ್ಡ್ ಹಿಡಿದುಕೊಂಡು ಏಳುತ್ತವೆ. ಅದಕ್ಕೆಂದೇ ಯಾರದೂ ಅಲ್ಲದ ಖಾತೆಯೊಂದನ್ನು ಇಡಬೇಕು. ಮನುಷ್ಯರ ಖಾತೆ ಕೊಡಬೇಡಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇರುತ್ತದೆ. ಅವತ್ತು ಊಟಕ್ಕೆ ಕರೆಯುತ್ತಿದ್ದರು, ನಾಳೆ ಬದಲಿಸಿದರಾಯಿತು ಎಂದು ತನ್ನದನ್ನೇ ಕೊಟ್ಟು ಎದ್ದಿದ್ದ. ಮದುವೆಯ ಹೊಸತು. ಅಳಿಯ ಬದಲಾಗಬಹುದು ಎಂದು ಯಾರಿಗೆ ಹೊಳೆಯುತ್ತದೆ.

“ಅಕ್ಕಾ, ನನ್ನ ಪಾಸ್‌ವರ್ಡ್ ಯಾರು ಬದಲಾಯಿಸಿದ್ದು?”

ಅವನು ದನಿ ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. ಲೆಕ್ಕದಕ್ಕನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ಹೊಸ ಅಳಿಯ ಬಂದ, ಮಾರಾಟದ ಕೆಲಸಕ್ಕೆ ಕೂತ, ಅವನಿಗೊಂದು ಖಾತೆ ಬೇಕಾಯಿತು. ‘ಅಳಿಯ’ ಅಂತ ಹೊಸದು ತೆರೆಯಲು ಹೋದಳು. ಈ ಹೆಸರು ಆಗಲೇ ಇದೆ ಎಂದಿತು ಸರ್ವರ್. ಇದ್ದರೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡಳು.

“ಕುರ್ಚಿ ಇದೆ, ಕೂರೋರು ಬದಲಾಗಿದ್ದಾರೆ ಅಷ್ಟೇ ಅಂತ, ಪಾಸ್‌ವರ್ಡ್ ಬದಲಾಯಿಸಿ ಅವನ ಕೈಗೆ ಕೊಟ್ಟೆ. ತಪ್ಪಾ?”

“ಕುರ್ಚಿ ಅಲ್ಲಕ್ಕ ಅದು. ಕಂಬ. ಮನೆಯೆಲ್ಲ ಅದರ ಮೇಲೆ ನಿಂತಿತ್ತು.”

“ಮತ್ತೆ ಇಷ್ಟು ದಿನ ನಿಂತಿತ್ತಲ್ಲ?”

ಓಡುತ್ತಿರುವ ಸೇವೆ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ ಎಂದು ಅವನು ವಿವರಿಸಿದ. ಒಮ್ಮೆ ಒಳಗೆ ಬಿಟ್ಟ ಮೇಲೆ ಮಲಗಿ ಎದ್ದಾಗಲೇ ಮತ್ತೆ ಯಾರು ನೀನು ಅನ್ನುತ್ತದೆ. ಕರೆಂಟು ಹೋಯಿತು, ಮಲಗಿತು, ಎದ್ದಾಗ ಹಳೆಯ ಗುರುತು ನಡೆಯಲಿಲ್ಲ. ಇದನ್ನೆಲ್ಲ ಹೇಳುವಾಗ ಅವನ ಮನಸ್ಸು ಬೇರೊಂದು ಕಡೆ ಇತ್ತು. ಬಾಗಿಲು ಹಾಕಿದವಳು ಹೆಂಡತಿಯಲ್ಲ. ಲೆಕ್ಕದಕ್ಕ. ಅದೂ ಬಾಗಿಲು ಎಂದು ಗೊತ್ತಿಲ್ಲದೆ. ಇದರಿಂದ ಶನಿವಾರ ವಾಪಸು ಬರುವುದೇನಿಲ್ಲ, ಕೈ ಹಿಡಿದು ಒಳಗೆ ಹೋದವನನ್ನು ಅವನು ಕಣ್ಣಾರೆ ಕಂಡಿದ್ದ.

ಹೊಸ ಪಾಸ್‌ವರ್ಡ್ ಏನೆಂದು ಕೇಳಿದ. ಲೆಕ್ಕದಕ್ಕ ಸ್ವಲ್ಪ ಮುಜುಗರಪಟ್ಟು ಹೇಳಿದಳು: ‘ಹೊಸ ಅಳಿಯ’, ನಡುವೆ ಜಾಗ ಇಲ್ಲದೆ. ಅವನು ಅದನ್ನು ಒಂದೊಂದೇ ಅಕ್ಷರವಾಗಿ ಸೇವೆಗಳಿಗೆ ತುಂಬಿಸಿದ. ಅಂಚೆ ಎದ್ದಿತು. ಕ್ಯಾಲೆಂಡರ್ ಎದ್ದಿತು. ಕೆಳಗಿನ ಮಹಡಿಯಲ್ಲಿ ಯಾರೋ ಬಂತು ಬಂತು ಎಂದರು. ಕಡತಗಳ ಸೇವೆ ಏಳುವಷ್ಟರಲ್ಲಿ ಪರದೆ ಹೊಸ ರಾಗ ತೆಗೆಯಿತು: ‘ಅಳಿಯ’ ಖಾತೆಗೆ ಬೀಗ ಬಿದ್ದಿದೆ. ತಪ್ಪು ಪ್ರಯತ್ನಗಳು ಮಿತಿ ಮೀರಿವೆ.

“ಅಯ್ಯೋ, ಇದು ದಿನಾ ಇದ್ದದ್ದೇ,” ಎಂದಳು ಲೆಕ್ಕದಕ್ಕ. ಹೊಸ ಅಳಿಯ ಬಂದಾಗಿನಿಂದ ಹೀಗೇ ಅಂತೆ. ಬೆಳಿಗ್ಗೆ ಬಂದು ಕೂತರೆ ಬೀಗ, ಅವಳು ಬಿಡಿಸಿದರೆ ಮಧ್ಯಾಹ್ನ ಮತ್ತೆ ಬೀಗ. ಹಳೆಯವನ ಮೇಲಿನ ಪ್ರೀತಿಗೆ ಯಂತ್ರ ಸಿಟ್ಟು ಮಾಡುತ್ತಿದೆ ಎಂದು ಅಂಟಿನ ಚಿಕ್ಕಪ್ಪ ಹಾಸ್ಯ ಮಾಡುತ್ತಿದ್ದರಂತೆ.

ಅವನು ಬೀಗ ತೆಗೆದ. ಮತ್ತೆ ಬಿತ್ತು. ಎಲ್ಲೋ ಯಾವುದೋ ಸಾಧನ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಬಿಟ್ಟೂಬಿಡದೆ ಬಾಗಿಲು ತಟ್ಟುತ್ತಿದೆ. ಯಾವುದು ಅನ್ನುವುದೇ ಪ್ರಶ್ನೆ. ಲಾಗ್ ಒಂದು ಉದ್ದನೆಯ ಅಂಕಿ ಕೊಟ್ಟು ಸುಮ್ಮನಾಗಿತ್ತು. ಹೊಸ ಅಳಿಯನ ಫೋನೇ ಇರಬೇಕು ಎಂದುಕೊಂಡು ಅವನನ್ನು ಕರೆಸಿದರು.

ಬಂದ ಮನುಷ್ಯನದು ಅದೇ ಇಸ್ತ್ರಿ ಮಾಡಿದ ಅಂಗಿ. ಹತ್ತಿರದಿಂದ ನೋಡಿದರೆ ತುಸು ಬೊಕ್ಕ ತಲೆ, ಎಚ್ಚರದ ಕಣ್ಣು. ಎಲ್ಲಿ ಹೋದರೂ ಹತ್ತು ನಿಮಿಷ ಮೊದಲೇ ಹೋಗಿ ಹೊರಗೆ ಕಾಯುವ ಜಾತಿ. ಹಳೆ ಅಳಿಯ ಎದ್ದು, ಕೂರಲು ಪೆಟ್ಟಿಗೆ ತೋರಿಸಿದ. ಹೊಸ ಅಳಿಯ ಫೋನನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಇವನು ಅದರಲ್ಲಿದ್ದ ಖಾತೆ ಅಳಿಸಿದ, ಫೋನನ್ನೇ ಆರಿಸಿದ, ಬೀಗ ತೆಗೆದ. ಮತ್ತೆ ಬಿತ್ತು. ಅವನ ಮೇಜಿನ ಕಂಪ್ಯೂಟರ್ ಆರಿಸಿ ಬಂದರು. ಬಿತ್ತು. ಮಾರಾಟದವರ ಹಳೆಯ ಟ್ಯಾಬ್ಲೆಟ್ಟು ಬೀರುವಿನಿಂದ ಹೊರಬಂತು. ಅದಕ್ಕೆ ಜೀವವೇ ಇರಲಿಲ್ಲ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀವಿ ಅನ್ಸತ್ತೆ,” ಎಂದ ಹಳೆ ಅಳಿಯ.

“ಎಮ್ಮೆ ಯಾರು?” ಎಂದು ಹೊಸ ಅಳಿಯ ವಿಧೇಯವಾಗಿ ಕೇಳಿದ.

ಕಾಯುವ ಹೊತ್ತಿಗೆ ಮಾತು ಬೇಕಲ್ಲ. ಹೊಸ ಅಳಿಯನೇ ಶುರು ಮಾಡಿದ. ಈ ಕ್ಯಾಲೆಂಡರ್ ಇದ್ದದ್ದು ತನಗೆ ದೊಡ್ಡ ಅನುಕೂಲವಾಯಿತು ಎಂದ. ಹೊಸ ಮನೆ, ಹೊಸ ಕೆಲಸ, ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಯಾರನ್ನು ಕೇಳುವುದು. ಖಾತೆ ತೆರೆದರೆ ಎಲ್ಲ ಬರೆದಿಟ್ಟಿತ್ತು. ಅಗ್ನಿಶಾಮಕದ ತಪಾಸಣೆಗೆ ನಿಂತಿದ್ದ, ಬಿರುಗೂದಲಿನ ವ್ಯಾಪಾರಿಯನ್ನು ಕಂಡು ಬಂದಿದ್ದ.

“ಹಲ್ಲಿನ ಡಾಕ್ಟರ ಹತ್ರಾನೂ ಹೋಗಿ ಬಂದೆ. ಯಾಕೆ ಅಂತ ನನಗೂ ಗೊತ್ತಾಗ್ಲಿಲ್ಲ. ಹಲ್ಲು ಚೆನ್ನಾಗೇ ಇದೆ ಅಂದ್ರು.”

ಲೆಕ್ಕದಕ್ಕ ಸೆರಗು ಬಾಯಿಗೆ ಹಿಡಿದಳು. ಹಳೆ ಅಳಿಯನ ಎಡದವಡೆ ಎರಡು ವಾರದಿಂದ ನೋಯುತ್ತಿತ್ತು. ಅವನು ಕೇಳಿದ, ಕೇಳಬಾರದು ಎಂದುಕೊಂಡೇ ಕೇಳಿದ:

“ಶನಿವಾರ?”

“ಶನಿವಾರ ಪುಟ್ಟಿ, ಈಜು. ತಪ್ಪದೆ ಹೋಗ್ತೀನಿ. ನನಗೆ ನೀರು ಅಂದ್ರೆ ಅಷ್ಟಕ್ಕಷ್ಟೇ, ಬೆಂಚಿನ ಮೇಲೆ ಕೂತಿರ್ತೀನಿ. ಮನೆಯೋರು ನನಗೆ ವಹಿಸಿರೋ ಕೆಲಸ ಅಲ್ವಾ, ಇಲ್ಲ ಅನ್ನೋಕಾಗತ್ತಾ.”

ಫ್ಯಾನು ತಿರುಗುತ್ತಿತ್ತು. ಹಳೆ ಅಳಿಯ ಕೀಬೋರ್ಡಿನ ಮೇಲೆ ಬಿದ್ದಿದ್ದ ಒಂದು ಬಿರುಗೂದಲನ್ನು ಎತ್ತಿ, ಇನ್ನೆಲ್ಲೂ ಇಡಲು ತೋಚದೆ, ಜೇಬಿಗೆ ಹಾಕಿಕೊಂಡ. ಆಮೇಲೆ ಮಾಡುವುದಕ್ಕೆ ಕೆಲಸವಿರುವುದು ಎಷ್ಟು ಒಳ್ಳೆಯದು ಎಂಬಂತೆ ಲಾಗಿನ ವಿವರದ ಮಟ್ಟವನ್ನು ಏರಿಸಿದ. ಹೀಗೆ ಮಾಡಿದರೆ ಸರ್ವರ್ ಅಂಕಿಯ ಜೊತೆಗೆ ಸಾಧನದ ಹೆಸರನ್ನೂ ಬರೆಯುತ್ತದೆ. ಬೀಗ ತೆಗೆದು, ಮೂವರೂ ಪರದೆಗೆ ಮುಖ ಮಾಡಿ ಕಾದರು.

‘ತಪ್ಪು ಪ್ರಯತ್ನ. ಬಳಕೆದಾರ: ಅಳಿಯ. ಸಾಧನ: ಪುಟ್ಟಿ ಅಪ್ಪ.’

ಹೊಸ ಅಳಿಯ ಅದನ್ನು ಓದಿದ. “ಅದು ನಾನಲ್ಲ,” ಎಂದ.

ಆ ಹೆಸರು ಇಟ್ಟವಳು ಪುಟ್ಟಿ. ಹಿಂದೊಮ್ಮೆ ಬಸ್ಸಿನಲ್ಲಿ ಅವನ ಫೋನಿಟ್ಟುಕೊಂಡು ಆಡುತ್ತ, ನಿನ್ನ ಫೋನಿಗೆ ಹೆಸರೇ ಇಲ್ಲ ಅಂತ ತಾನೇ ಹಾಕಿದ್ದಳು. ಫೋನು ಬೆಳಗಿನಿಂದ ಅವನ ಷರಟಿನ ಜೇಬಿನಲ್ಲೇ ಇತ್ತು. ತೆಗೆದ. ವಾರಗಳಿಂದ ಬಂದಾಗಲೆಲ್ಲ ಬೆರಳಿನಿಂದ ಸರಿಸಿ ಸರಿಸಿ ಬಿಟ್ಟಿದ್ದ ಸಾಲು ಪರದೆಯ ಮೇಲೆ ಕೂತಿತ್ತು: ಪಾಸ್‌ವರ್ಡ್ ತಪ್ಪಾಗಿದೆ. ಅವನು ಕೈ ಬಿಟ್ಟಿದ್ದರೂ ಫೋನು ಕೈ ಬಿಟ್ಟಿರಲಿಲ್ಲ. ಹಗಲೂ ರಾತ್ರಿ ಹಳೆಯ ಗುರುತನ್ನೇ ಹೇಳಿಕೊಂಡು ಬಾಗಿಲು ತಟ್ಟುತ್ತಿತ್ತು.

“ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ,” ಎಂದಳು ಲೆಕ್ಕದಕ್ಕ. ಹೇಳಿದ ಮೇಲೆ, ಹೇಳಿದ್ದು ಏನು ಎಂದು ತನಗೇ ಕೇಳಿಸಿದಂತೆ, ಚಹಾ ತರುತ್ತೇನೆ ಎಂದು ಎದ್ದು ಹೋದಳು.

ಅವನು ಫೋನಿನಿಂದ ಖಾತೆ ಅಳಿಸಿದ. ಬೀಗ ತೆಗೆದ. ಈ ಸಲ ಬೀಳಲಿಲ್ಲ. ಕಡತಗಳು ಎದ್ದವು, ಕೋಣೆಗಳು ಎದ್ದವು, ಕೊನೆಗೆ ಹರಟೆ ಎದ್ದಿತು. ಎರಡು ದಿನ ತಡೆಹಿಡಿದಿದ್ದ ಮಾತು ಮೂರೂ ಮಹಡಿಗಳ ಕಂಪ್ಯೂಟರುಗಳಲ್ಲಿ ಒಮ್ಮೆಲೇ ಠಿಣ್ ಠಿಣ್ ಎಂದು ಬೀಳತೊಡಗಿತು.

ಅಷ್ಟರಲ್ಲಿ ಕೋಣೆಯ ಫೋನು ಬಡಿದುಕೊಂಡಿತು. ಪುಟ್ಟಿಯ ಅಮ್ಮ. ಹೊಸ ಯಂತ್ರ ನೋಡಲು ಬೇರೆ ಊರಿಗೆ ಹೋಗಿದ್ದಳು. ಅಂಚೆ ಬಂತು, ಯಾರು ಸರಿ ಮಾಡಿದ್ದು ಎಂದು ಕೇಳಲು ಮಾಡಿದ್ದಳು. ಹೊಸ ಅಳಿಯ ಎತ್ತಿ, ಎರಡು ಮಾತು ಆಡಿ, ನೀವೇ ಮಾತಾಡಿ ಎಂದು ಹಳೆ ಅಳಿಯನ ಕೈಗೆ ಕೊಟ್ಟು, ಕೆಳಗೆ ಲಾರಿ ಬಂದಿರಬೇಕು ಎಂದು ಹೊರಟುಹೋದ. ಲಾರಿ ಬಂದಿರಲಿಲ್ಲ.

ಕೆಲಸದ ಮಾತು ಮೊದಲು ಮುಗಿಯಿತು. ಸೇವೆ, ಪಾಸ್‌ವರ್ಡ್, ಲೆಕ್ಕದಕ್ಕನ ಕುರ್ಚಿ. ಅವಳು ನಗಲಿಲ್ಲ.

“ಅಂದ್ರೆ ನಿಮಗೆ ಕ್ಯಾಲೆಂಡರ್ ಕಾಣ್ತಾನೇ ಇರ್ಲಿಲ್ವಾ?”

“ಇಲ್ಲ.”

“ನೀವು ಬರೋದು ನಿಲ್ಸಿದ್ರಿ ಅಂದ್ಕೊಂಡೆ. ನನಗೆ ಮದುವೆ ಆಯ್ತು ಅಂತ. ಅವರು ಹೋಗ್ತೀನಿ ಅಂದ್ರು, ನೀವು ಹೇಳಿ ಕಳ್ಸಿದೀರಿ ಅಂದ್ಕೊಂಡೆ.”

“ನಾನು ನೀನು ಬಾಗಿಲು ಹಾಕಿದೆ ಅಂದ್ಕೊಂಡೆ.”

“ಒಂದು ಫೋನ್ ಮಾಡ್ಬಹುದಿತ್ತಲ್ಲ.”

“ಹೌದು,” ಎಂದ. “ನೀನೂ ಮಾಡ್ಬಹುದಿತ್ತು.” ಅವಳೂ ಹೌದು ಎಂದಳು. ಆ ಕಡೆ ಯಾವುದೋ ಯಂತ್ರ ಓಡುವ ಸದ್ದು ಕೇಳುತ್ತಿತ್ತು. ಪುಟ್ಟಿ ಕೇಳುತ್ತಾಳಾ ಎಂದು ಅವನು ವಿಚಾರಿಸಿದ. ಮೊದಮೊದಲು ಕೇಳುತ್ತಿದ್ದಳು, ಈಗ ಕೇಳುವುದಿಲ್ಲ ಎಂದಳು ಅವಳು, ಸುಳ್ಳು ಹೇಳಿ ಗೊತ್ತಿಲ್ಲದ ದನಿಯಲ್ಲಿ. ಮತ್ತೆ ಹೇಳಿದಳು: ತಾನು ತಿಂಗಳ ಅರ್ಧದಷ್ಟು ದಿನ ಊರಲ್ಲಿ ಇರುವುದಿಲ್ಲ, ಪುಟ್ಟಿಯ ದಿನಚರಿಯೆಲ್ಲ ಈಗ ಅಮ್ಮನ ಕೈಯಲ್ಲಿದೆ, ಶನಿವಾರದ ಕರೆಯನ್ನು ಅಲ್ಲಿಗೆ ಕಳಿಸಿ, ಅಮ್ಮ ಒಪ್ಪಿದರೆ ತನ್ನದೇನೂ ಅಡ್ಡಿ ಇಲ್ಲ.

ಫೋನಿಟ್ಟು ಅವನು ಉಳಿದ ಕೆಲಸಕ್ಕೆ ಕೈ ಹಾಕಿದ. ಕಂಬವನ್ನೂ ಕುರ್ಚಿಯನ್ನೂ ಬೇರೆ ಮಾಡಬೇಕಿತ್ತು. ‘ಅಳಿಯ’ ಎಂಬ ಖಾತೆಯನ್ನು ಸೇವೆಗಳಿಗೇ ಬಿಟ್ಟುಕೊಟ್ಟು, ಅದಕ್ಕೆ ಯಾರೂ ನೆನಪಿಟ್ಟುಕೊಳ್ಳಲಾಗದಂಥ ಉದ್ದನೆಯ ಪಾಸ್‌ವರ್ಡ್ ಹಾಕಿ, ಮನುಷ್ಯರು ಅದರೊಳಗೆ ಕಾಲಿಡದಂತೆ ಮಾಡಿದ. ಇನ್ನು ಮೇಲೆ ಈ ಕಾರ್ಖಾನೆಯಲ್ಲಿ ಅಳಿಯ ಅಂದರೆ ಯಂತ್ರ. ಅದಕ್ಕೆ ಹಲ್ಲಿಲ್ಲ, ಶನಿವಾರವಿಲ್ಲ, ಅದನ್ನು ಯಾರೂ ಬದಲಿಸಬೇಕಾಗಿಲ್ಲ.

“ಹಾಗಾದ್ರೆ ಇವನ್ನ ಏನಂತ ಹಾಕೋದು?” ಚಹಾ ತಂದ ಲೆಕ್ಕದಕ್ಕ ಕೇಳಿದಳು. ಹೊಸ ಅಳಿಯ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದ.

“ಮಗಳ ಗಂಡ ಅಂತ ಹಾಕಿ.”

“ಅಳಿಯ ಅಲ್ಲ, ಮಗಳ ಗಂಡ,” ಎಂದು ಲೆಕ್ಕದಕ್ಕ ಎಳೆದು ಹೇಳಿದಳು. “ಎರಡೂ ಒಂದೇ ಅಂತ ಗಾದೆ ಮಾಡಿದೋರು ಸರ್ವರ್ ನೋಡಿರ್ಲಿಲ್ಲ ಬಿಡು.”

ಹೆಸರು ಯಾರೂ ಬಳಸಿರಲಿಲ್ಲ; ಸರ್ವರ್ ತಕರಾರಿಲ್ಲದೆ ಒಪ್ಪಿತು. ಹೊಸ ಅಳಿಯನಿಗೆ ಒಂದೇ ಚಿಂತೆ. ಹೊಸ ಖಾತೆಯ ಕ್ಯಾಲೆಂಡರ್ ತೆರೆದು ನೋಡಿ, ಇದರಲ್ಲಿ ಏನೂ ಇಲ್ಲವಲ್ಲ, ನಾಳೆ ನಾನು ಏನು ಮಾಡಬೇಕು ಎಂದ. ಕೆಲಸದ ಸಾಲುಗಳನ್ನು ಹಳೆ ಅಳಿಯ ಸಾಗಿಸಿಕೊಟ್ಟ. ಹಲ್ಲಿನದನ್ನು ಬಿಟ್ಟ. ಶನಿವಾರದ ಮೇಲೆ ಬೆರಳು ನಿಲ್ಲಿಸಿದ.

“ಇದು ನಿಮಗೆ ಬೇಕಾ?”

“ಇದ್ರೆ ಹೋಗ್ತೀನಿ,” ಎಂದ ಹೊಸ ಅಳಿಯ. “ಇಲ್ದಿದ್ರೆ ಇಲ್ಲ. ಮಗು ಒಳ್ಳೇದು. ಮಾತಾಡ್ಸಿದ್ರೆ ಮಾತಾಡತ್ತೆ.”

ಇನ್ನೊಂದು ತೊಡಕಿತ್ತು. ಒಂದು ಕಾರ್ಯಕ್ರಮವನ್ನು ಕರೆದವರು ಯಾರೋ ಅವರದೇ ಅದು. ಬೇರೆಯವರ ಹೆಸರಿಗೆ ಬರೆದುಕೊಡಲು ಈ ತಂತ್ರಾಂಶದಲ್ಲಿ ಬರುವುದಿಲ್ಲ. ಹಳೆಯದನ್ನು ಅಳಿಸಬೇಕು, ಹೊಸದಾಗಿ ಕರೆಯಬೇಕು, ಕರೆಸಿಕೊಂಡವರು ಒಪ್ಪಬೇಕು. ಹೊಸದಾಗಿ ಕರೆಯಲು ಹಳೆ ಅಳಿಯನಿಗೊಂದು ಖಾತೆ ಬೇಕು, ಖಾತೆಗೆ ಒಂದು ಹೆಸರು ಬೇಕು, ಈ ಕಾರ್ಖಾನೆಯಲ್ಲಿ ಹೆಸರೆಂದರೆ ಸಂಬಂಧ. ಲೆಕ್ಕದಕ್ಕ ಬೆರಳು ಮಡಿಚಿ ಯೋಚಿಸಿದಳು. ಅತ್ತೆಗೆ ಅವನು ಏನು, ತನಗೆ ಏನು, ಹೊಸ ಅಳಿಯನಿಗೆ ಏನು; ಯಾವ ಕಡೆಯಿಂದ ಎಣಿಸಿದರೂ ಪದ ಸಿಗಲಿಲ್ಲ. ಅವನು ಕಾಯಲಿಲ್ಲ. ‘ಪುಟ್ಟಿ ಅಪ್ಪ’ ಎಂದು ತಾನೇ ಹೊಡೆದ. ಈ ಹೆಸರು ಲಭ್ಯವಿದೆ ಎಂದಿತು ಸರ್ವರ್.

‘ಶನಿವಾರ: ಪುಟ್ಟಿ, ಈಜು. ಪ್ರತಿ ವಾರ. ಕೊನೆಯ ದಿನಾಂಕ: ಇಲ್ಲ.’ ಹಳೆಯದನ್ನು ಅಳಿಸಿ ಹೊಸದನ್ನು ಅತ್ತೆಗೆ ಕಳಿಸಿದ.

ಅತ್ತೆ ಲ್ಯಾಪ್‌ಟಾಪನ್ನು ತೆರೆದೇ ಹಿಡಿದುಕೊಂಡು ಒಳಗೆ ಬಂದರು. ಅಂಚೆ ಬರುತ್ತಿದೆಯೇ ಎಂದು ಸರ್ವರಿನ ಮುಂದೆಯೇ ನಿಂತು ನೋಡುವುದು ಅವರ ಪದ್ಧತಿ. ದೂರದಿಂದ ನೋಡಿದರೆ ನಂಬಿಕೆ ಸಾಲದು. ಅವನು ಎದ್ದ. ಏನೆಂದು ಕರೆಯಬೇಕೆಂದು ತೋಚದೆ ಬರೀ ತಲೆಯಾಡಿಸಿದ. ಲಾರಿಯವರು, ಅಂಟಿನವರು ಎಲ್ಲ ಅತ್ತೆ ಅತ್ತೆ ಅನ್ನುವ ಕಡೆ ಅವನೊಬ್ಬನ ಬಾಯಲ್ಲಿ ಆ ಮಾತು ಬಂದರೆ ಬೇರೆ ಅರ್ಥ ಬರುತ್ತಿತ್ತು.

ಅವರು ಬಾಟಲಿ ಬ್ರಷ್ಷಿನ ಇನ್ನೊಂದು ಪೆಟ್ಟಿಗೆಯ ಮೇಲೆ ಕೂತು, ಅವನಿಗೂ ಕೂರು ಎಂದು ಕೈ ತೋರಿಸಿ, ಕನ್ನಡಕ ಮೇಲೇರಿಸಿ, ಬಂದದ್ದನ್ನೆಲ್ಲ ಸಾಲಾಗಿ ನೋಡಿದರು. ಶನಿವಾರದ ಹತ್ತಿರ ನಿಂತರು. ಲೆಕ್ಕದಕ್ಕ ನಡೆದದ್ದನ್ನೆಲ್ಲ ಹೇಳಿದಳು, ತನ್ನ ಕುರ್ಚಿಯ ಮಾತನ್ನೂ ಬಿಡದೆ. ಅತ್ತೆ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಯಾವ ಗಂಟನ್ನೂ ಕತ್ತರಿಸದೆ ಬಿಡಿಸಿಯೇ ಇಷ್ಟು ವರ್ಷ ಈ ಕಾರ್ಖಾನೆ ನಡೆಸಿದವರು.

ಅವರ ಮಾತು ನ್ಯಾಯವಾಗಿಯೇ ಇತ್ತು. ತಪ್ಪು ಯಾರದೂ ಅಲ್ಲ ಎಂದರು. ಆದದ್ದು ಆಗಿಹೋಗಿದೆ. ಮಗುವಿಗೆ ಶನಿವಾರ ಹೊಸ ಅಳಿಯನ ಜೊತೆ ಒಗ್ಗಿಹೋಗಿದೆ, ಒಗ್ಗಿದ್ದನ್ನು ಮತ್ತೆ ಅಲುಗಾಡಿಸುವುದು ಯಾಕೆ. ಮನೆಗೆ ಬಂದವನಿಗೂ ಮಗುವಿಗೂ ಒಂದು ದಿನ ಅಂತ ಇದ್ದರೆ ಮನೆ ಕೂಡಿಕೊಳ್ಳುತ್ತದೆ. ಹಾಗಂತ ಅಪ್ಪನಿಗೆ ಇಲ್ಲ ಅನ್ನುವವರು ಯಾರು. ಅವರು ಮಾತಾಡುತ್ತಲೇ ತಮ್ಮ ಪರದೆಯ ಮೇಲೆ ಬೆರಳಾಡಿಸುತ್ತಿದ್ದರು. ಒಪ್ಪು, ನಿರಾಕರಿಸು, ಬೇರೆ ಸಮಯ ಸೂಚಿಸು. ಮೂರು ಗುಂಡಿಗಳಲ್ಲಿ ಮೂರನೆಯದನ್ನು ಒತ್ತಿದರು.

“ಬುಧವಾರ ಸಂಜೆ ತಗೋ,” ಎಂದರು. “ಕೊಳದಲ್ಲೂ ಜನ ಇರಲ್ಲ. ಈ ಸರ್ವರ್ ನೋಡೋಕೂ ಒಬ್ರು ಬೇಕೇ ಬೇಕು. ಬುಧವಾರ ಬಾ, ಇದನ್ನೂ ನೋಡು, ಅವಳನ್ನೂ ಕರ್ಕೊಂಡು ಹೋಗು. ಕೆಲಸ ಖಾಯಂ. ನಿನಗೊಂದು ಕೋಣೇನೂ ಖಾಲಿ ಮಾಡಿಸ್ತೀನಿ, ಈ ಪೆಟ್ಟಿಗೆಗಳನ್ನೆಲ್ಲ ತೆಗೆಸಿ.”

ಹೊಸ ಅಳಿಯ ಹೊಸ್ತಿಲ ಮೇಲೆ ನಿಂತು ಫೋನಿನಲ್ಲಿ ತನ್ನ ಶನಿವಾರಕ್ಕೆ ಏನಾಗುತ್ತದೆ ಎಂದು ನೋಡುತ್ತಿದ್ದ. ಲೆಕ್ಕದಕ್ಕನ ಚಹಾ ತಣ್ಣಗಾಗುತ್ತಿತ್ತು. ಹಳೆ ಅಳಿಯನ ಪರದೆಯ ಮೇಲೆ ಸೂಚನೆ ಬಂದು ಕೂತಿತು: ‘ಪ್ರತಿ ಬುಧವಾರ, ಸಂಜೆ. ಒಪ್ಪುವಿರಾ?’ ಕೆಳಗೆ ಎರಡು ಗುಂಡಿಗಳು.

ಅವನು ಯಾವುದನ್ನೂ ಒತ್ತಲಿಲ್ಲ. ಕೂತಿದ್ದ ಪೆಟ್ಟಿಗೆಯ ಮೇಲೆಯೇ ಹೊರಳಿ, ಪರದೆಗೆ ಬೆನ್ನು ಹಾಕಿ, ಅವರ ಮುಖ ನೋಡಿದ.

“ಆಗಲ್ಲ, ಅತ್ತೆ,” ಎಂದ. “ಶನಿವಾರ.”